ಕೆಂಪು ಬಣ್ಣ ಇಳಿಯುವ ತನಕ

"ಈ ಏಳು ನಂಬರಿನ ಪಂಚು ಯಾರದ್ದು?"

ಬಂದವನು ಗದರಲಿಲ್ಲ. ಸ್ವರ ಕೂಡ ಏರಿಸಲಿಲ್ಲ. ಆದರೂ ಸಿದ್ಧಕಟ್ಟೆಯ ಆ ಸಣ್ಣ ವರ್ಕ್‌ಶಾಪಿನಲ್ಲಿ ಓಡುತ್ತಿದ್ದ ಮೂರು ಲೇತುಗಳೂ ಒಂದೊಂದಾಗಿ ನಿಂತವು.

ಮೇಜಿನ ಮೇಲೆ ಗೇಣುದ್ದದ ಒಂದು ಉಕ್ಕಿನ ಪಿನ್ನು ಇತ್ತು. ಅದರ ಮೈಗೆಲ್ಲ ಬಿಳಿ ಪುಡಿ. ಆ ಬಿಳುಪಿನ ನಡುವೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಯೊಂದು ನಿಧಾನವಾಗಿ ಮೂಡುತ್ತಿತ್ತು.

ಪ್ರಾಪ್ತಿ ಬಗ್ಗಿ ನೋಡಿದಳು. ಆ ಗೆರೆಯ ಅರ್ಥ ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಬಿರುಕು!

ದೂರದ ಕಡಲ ತೀರವೊಂದರಲ್ಲಿ ಅಣು ವಿದ್ಯುತ್ ಸ್ಥಾವರ ಏಳುತ್ತಿತ್ತು. ಅಲ್ಲಿ ರಿಯಾಕ್ಟರನ್ನು ತಂಪಾಗಿಡುವ ನೀರಿನ ಪೈಪುಗಳು ಭೂಮಿ ನಡುಗಿದರೂ ಜಾಗ ಬಿಟ್ಟು ಕದಲಬಾರದು. ಅವನ್ನು ಹಿಡಿದುಕೊಳ್ಳುವ ಆಸರೆಗಳಿಗೆ ಬೇಕಾದ ಪಿನ್ನುಗಳು ತಯಾರಾಗುತ್ತಿದ್ದುದು ಇಲ್ಲಿ, ಪದ್ಮಯ್ಯನವರ ವರ್ಕ್‌ಶಾಪಿನಲ್ಲಿ. ಪ್ರತಿ ಪಿನ್ನಿಗೂ ಬಣ್ಣ ಹಚ್ಚಿ ಪರೀಕ್ಷೆ ಮಾಡುವುದು, ಸರಿಯಿದ್ದರೆ ತುದಿಯಲ್ಲಿ ತನ್ನ ಏಳು ನಂಬರಿನ ಪಂಚು ಹೊಡೆಯುವುದು ಪ್ರಾಪ್ತಿಯ ಕೆಲಸ. ಆ ಅಂಕೆ ಬಿತ್ತೆಂದರೆ 'ಇದಕ್ಕೆ ನಾನು ಜವಾಬ್ದಾರಳು' ಎಂದು ಬರೆದುಕೊಟ್ಟ ಹಾಗೆ. ಪಂಚನ್ನು ಬೇರೆ ಯಾರ ಕೈಗೂ ಕೊಡುವಂತಿಲ್ಲ.

ಅವಳು ಪಿನ್ನನ್ನು ಎತ್ತಿಕೊಂಡು ತುದಿಯನ್ನು ಬೆಳಕಿಗೆ ಹಿಡಿದಳು.

ಪ್ರಾಪ್ತಿ ಎಡಗೈಯವಳು. ಅವಳು ಹೊಡೆದ ಏಳು ಯಾವಾಗಲೂ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಬೀಳುತ್ತಿತ್ತು. ಈ ಪಿನ್ನಿನ ಏಳು ನೆಟ್ಟಗೆ ನಿಂತಿತ್ತು.

'ಇದು ನಾನು ಹೊಡೆದದ್ದಲ್ಲ...'

ಮಾತು ತುಟಿಯವರೆಗೆ ಬಂತು. ಅಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದಳು. ಧರ್ಣಪ್ಪ. ವರ್ಕ್‌ಶಾಪಿಗೆ ಫೋರ್‌ಮನ್, ಅವಳಿಗೆ ಸೋದರಮಾವ. ಎಣ್ಣೆ ಕೈ ಒರೆಸಿಕೊಳ್ಳುತ್ತಿದ್ದವರು ಹಾಗೇ ನಿಂತುಬಿಟ್ಟಿದ್ದರು.

ಅವಳಿಗೆ ಫೆಬ್ರವರಿಯ ಆ ಶುಕ್ರವಾರ ನೆನಪಾಯಿತು. ಎಲ್ಲವೂ ಅರ್ಥವಾಯಿತು.

"ನನ್ನದು," ಎಂದಳು.

"ಪರೀಕ್ಷೆ ಮಾಡಿದ್ದೂ ನೀವೇ?"

"ಹೌದು."

"ಬಣ್ಣ ಹಚ್ಚಿ ಎಷ್ಟು ಹೊತ್ತು ಬಿಟ್ಟಿದ್ದೀರಿ?"

"ಇಪ್ಪತ್ತು ನಿಮಿಷ."

"ಇಪ್ಪತ್ತು ನಿಮಿಷ ಬಿಟ್ಟಿದ್ದರೆ ಈ ಗೆರೆ ನಿಮಗೆ ಕಾಣದೆ ಇರ್ಲಿಕ್ಕೆ ಸಾಧ್ಯ ಇಲ್ಲ."

ಅವಳು ಪಿನ್ನನ್ನು ಮೇಜಿನ ಮೇಲಿಟ್ಟಳು. ಅವನು ಒಂದು ಪುಸ್ತಕ ಮುಂದೆ ಸರಿಸಿದ. ಅದರಲ್ಲಿ ಅವನ ಹೆಸರಿತ್ತು: ಭವಿತ್, ಪಿನ್ನು ಕೊಳ್ಳುವ ಕಂಪನಿಯ ಇನ್‌ಸ್ಪೆಕ್ಟರ್. ಕೆಳಗೆ ಅವಳು ಸಹಿ ಹಾಕಿದಳು, ಎಡಗೈಯಲ್ಲಿ.

ಭವಿತ್ ಆ ಕೈಯನ್ನು ನೋಡಿದ. ಪಿನ್ನಿನ ತುದಿಯನ್ನು ನೋಡಿದ. 'ಈ ಹುಡುಗಿ ಸುಳ್ಳು ಹೇಳ್ತಾ ಇದ್ದಾಳೆ' ಎಂದು ಅವನಿಗೆ ಆಗಲೇ ಅನ್ನಿಸಿತು. ಅದರ ಜೊತೆಗೆ, ಡ್ಯೂಟಿಯ ಮೇಲೆ ಬಂದವನು ಗಮನಿಸಬಾರದ ಇನ್ನೊಂದು ವಿಷಯವನ್ನೂ ಗಮನಿಸಿದ, ಪಾಪ! ಆ ಕಣ್ಣುಗಳು ತುಂಬಿದ್ದವು, ಆದರೆ ಅವಳು ಒಂದು ಹನಿಯನ್ನೂ ಬೀಳಲು ಬಿಟ್ಟಿರಲಿಲ್ಲ.

ಅವತ್ತು ಸಂಜೆ ಅವಳು ಮಾವನ ಬೈಕಿನ ಹಿಂದೆ ಕೂತು ವಾಮದಪದವಿನ ಮನೆಗೆ ಹೊರಟಳು.

ನಮ್ಮ ಕಡೆಯ ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆಗಳಲ್ಲಿ ಅಪ್ಪನಿಗಿಂತ ಮಾವನ ಮಾತು ದೊಡ್ಡದು. ಪ್ರಾಪ್ತಿಗಂತೂ ಅಪ್ಪನ ಮುಖವೇ ಸರಿಯಾಗಿ ನೆನಪಿಲ್ಲ. ಎಡಗೈಯಲ್ಲಿ ಬರೆಯುತ್ತಾಳೆಂದು ಶಾಲೆಯಲ್ಲಿ ಬೆರಳಿಗೆ ಪೆಟ್ಟು ಬಿದ್ದಾಗ, ಕೆಲಸ ಬಿಟ್ಟು ಬಂದು 'ಕೈ ಅವಳದ್ದು, ಅವಳಿಗೆ ಬೇಕಾದ ಹಾಗೆ ಬರೆಯಲಿ' ಎಂದು ಜಗಳಾಡಿದವರು ಈ ಮಾವ. ಡಿಪ್ಲೊಮಾ ಓದಿಸಿದ್ದು ಅವರು. ಕೆಲಸ ಕೊಡಿಸಿದ್ದೂ ಅವರೇ. ತಾನು ಮದುವೆಯಾಗದೆ ತಂಗಿಯ ಸಂಸಾರ ಹೊತ್ತ ಮನುಷ್ಯ.

ಆ ಶುಕ್ರವಾರ ಅಮ್ಮ ಕಾಂತಿಗೆ ಮೂಡುಬಿದಿರೆಯಲ್ಲಿ ಕಣ್ಣಿನ ಆಪರೇಷನ್ ಇತ್ತು. "ನೀನು ಅಮ್ಮನೊಟ್ಟಿಗೆ ಹೋಗು. ಪಂಚು ಇಲ್ಲಿ ಕೊಡು, ಉಳಿದದ್ದು ನಾನು ನೋಡಿಕೊಳ್ತೇನೆ," ಎಂದಿದ್ದರು ಮಾವ. ಬೇರೆ ಯಾರು ಕೇಳಿದ್ದರೂ ಅವಳು ಕೊಡುತ್ತಿರಲಿಲ್ಲ. ಮಾವ ಕೈ ಚಾಚಿದರೆ ಯಾಕೆ ಎಂದು ಕೇಳುವ ಅಭ್ಯಾಸವೇ ಅವಳಿಗೆ ಇರಲಿಲ್ಲ. ಮರುದಿನ ಅವರು ಮುಂದಿಟ್ಟ, ಇಡೀ ಲೋಡಿಗೆ ಒಂದೇ ತಾರೀಕು ಹಾಕಿದ ಪರೀಕ್ಷೆಯ ಕಾಗದಗಳಿಗೂ ಓದದೆ ಸಹಿ ಹಾಕಿದ್ದಳು.

ಮನೆಯ ಮುಂದೆ ಬೈಕ್ ನಿಂತಿತು.

"ಮಾವ... ಅವತ್ತು ಬಣ್ಣ ಹಚ್ಚಿ ನೋಡಿದ್ದೀರಲ್ಲ?"

ಧರ್ಣಪ್ಪ ಹೆಲ್ಮೆಟ್ ತೆಗೆಯಲಿಲ್ಲ.

"ಲೋಡಿಗೆ ಲಾರಿ ಕಾಯ್ತಾ ನಿಂತಿತ್ತು," ಎಂದಷ್ಟೇ ಹೇಳಿ ಒಳಗೆ ಹೋದರು.

ಅವಳಿಗೆ ಉತ್ತರ ಸಿಕ್ಕಿತ್ತು. ಆ ದಿನದ ಪಿನ್ನುಗಳನ್ನು ಯಾರೂ ಪರೀಕ್ಷಿಸಿರಲಿಲ್ಲ. ಅವು ಉಳಿದವುಗಳ ಜೊತೆ ಸೇರಿ, ಒಟ್ಟು ಇನ್ನೂರ ನಲವತ್ತು ಪಿನ್ನುಗಳಾಗಿ ಆಗಲೇ ಸ್ಥಾವರದ ಸೈಟಿನ ಪೈಪುಗಳಡಿ ಕೂತಿದ್ದವು. ಒಂದರ ಬಿರುಕು ಮಾತ್ರ ಜೋಡಿಸುವಾಗ ಯಾರದೋ ಕಣ್ಣಿಗೆ ಬಿದ್ದಿತ್ತು.

ಕಾರಣ ತಿಳಿಯುವ ತನಕ ವರ್ಕ್‌ಶಾಪಿನ ಹೊಸ ಪಿನ್ನುಗಳೆಲ್ಲ ಭವಿತ್‌ನ ಕಣ್ಣೆದುರೇ ಪರೀಕ್ಷೆಯಾಗಬೇಕು ಎಂದು ಆದೇಶ ಬಂತು.

ಆ ಪರೀಕ್ಷೆಯ ಕ್ರಮ ಹೀಗೆ. ಪಿನ್ನಿಗೆ ಕೆಂಪು ಬಣ್ಣ ಹಚ್ಚಬೇಕು. ಬಿರುಕಿದ್ದರೆ ಬಣ್ಣ ಅದರೊಳಗೆ ಇಳಿಯಲು ಇಪ್ಪತ್ತು ನಿಮಿಷ ಬೇಕು. ಆಮೇಲೆ ಮೇಲಿನದನ್ನು ಒರೆಸಿ ಬಿಳಿ ಪುಡಿ ಬಿಟ್ಟರೆ, ಒಳಗಿಳಿದ ಬಣ್ಣ ಗೆರೆಯಾಗಿ ಹೊರಗೆ ಬರುತ್ತದೆ. ಆ ಇಪ್ಪತ್ತು ನಿಮಿಷ ಮಾಡಲು ಏನೂ ಕೆಲಸವಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ದಿನಕ್ಕೆ ಎಂಟು ಸಲ, ಹತ್ತು ಸಲ, ಒಂದೇ ಮೇಜಿನ ಎರಡು ಬದಿಯಲ್ಲಿ ಇಬ್ಬರು ಕೂತು ಕಾಯಬೇಕು. ಪ್ರೀತಿ ಹುಟ್ಟಲು ಇದಕ್ಕಿಂತ ಹೆಚ್ಚಿನ ಏರ್ಪಾಡು ಬೇಕೆ ಹೇಳಿ!

ಮೊದಲ ದಿನ ಇಬ್ಬರೂ ಗಡಿಯಾರವನ್ನು ನೋಡಿದರು.

ಎರಡನೇ ದಿನ ಭವಿತ್ ಗಂಟಲು ಸರಿಮಾಡಿಕೊಂಡ. "ಇಲ್ಲಿ ಮಧ್ಯಾಹ್ನದ ಊಟಕ್ಕೆ ಯಾವ ಹೋಟೆಲು ಒಳ್ಳೆಯದುಂಟು?"

"ಹೋಟೆಲು ಎರಡುಂಟು. ಒಂದರಲ್ಲಿ ಸಾರು ಉಪ್ಪು, ಇನ್ನೊಂದರಲ್ಲಿ ಉಪ್ಪೇ ಇಲ್ಲ."

"ನೀವು ಎಲ್ಲಿಗೆ ಹೋಗುವುದು?"

"ನಾನು ಬುತ್ತಿ ತರ್ತೇನೆ," ಎಂದು ಅವಳು ತಲೆ ತಗ್ಗಿಸಿದಳು. ಅವನು ಮೆಲ್ಲಗೆ ನಕ್ಕ. ನಕ್ಕರೆ ಬೇರೆಯೇ ಮನುಷ್ಯನ ಹಾಗೆ ಕಾಣುತ್ತಾನೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ವಾರ ಕಳೆಯುವಷ್ಟರಲ್ಲಿ ಇಬ್ಬರೂ ಆಫೀಸಿನ ಕನ್ನಡ ಬಿಟ್ಟು ಮನೆಯ ತುಳುವಿಗೆ ಇಳಿದಿದ್ದರು. ಅವನು ನಾರಾವಿಯವನು, ತಂದೆ ಸುಬ್ಬಯ್ಯ ಗದ್ದೆ ಮಾಡಿಕೊಂಡಿದ್ದಾರೆ, ಏಳು ವರ್ಷಗಳಲ್ಲಿ ಹದಿನಾಲ್ಕು ಊರು ಸುತ್ತಿದ್ದಾನೆ ಎಂದೆಲ್ಲ ಅವಳಿಗೆ ಗೊತ್ತಾಯಿತು.

"ನಾನು ಬಂದರೆ ಜನ ನಗುವುದು ನಿಲ್ಲಿಸ್ತಾರೆ. ಏನಾದರೂ ಅಡಗಿಸಿ ಇಡ್ತಾರೆ. ಈಗ ಅಭ್ಯಾಸ ಆಗಿದೆ," ಎಂದ ಒಮ್ಮೆ.

"ನಾನು ನಗ್ತಾ ಇದ್ದೇನಲ್ಲ?"

"ಹೌದು," ಎಂದ ಅವನು. ಬೇರೆ ಏನೋ ಹೇಳಲು ಹೊರಟವನು ಗಡಿಯಾರದ ಕಡೆಗೆ ತಿರುಗಿದ.

'ನಗ್ತಾ ಇದ್ದೇನೆ, ಹೌದು. ಆದರೆ ನಾನೂ ಅಡಗಿಸಿ ಇಟ್ಟಿದ್ದೇನಲ್ಲ...' ಪ್ರಾಪ್ತಿ ಮನಸ್ಸಿನಲ್ಲೇ ಅಂದುಕೊಂಡಳು.

ಇನ್ನೊಮ್ಮೆ ಅವಳೇ ಕೇಳಿದಳು. "ಒಂದು ಪಿನ್ನಿಗೆ ಇಷ್ಟು ಕಟ್ಟುನಿಟ್ಟು ಯಾಕೆ?"

ಭವಿತ್ ಸ್ವಲ್ಪ ಯೋಚಿಸಿದ. "ಈ ಪಿನ್ನು ನಲವತ್ತು ವರ್ಷ ಏನೂ ಮಾಡುವುದಿಲ್ಲ. ಸುಮ್ಮನೆ ಕೂತಿರ್ತದೆ. ಯಾವತ್ತೋ ಒಂದು ದಿನ ಅರ್ಧ ನಿಮಿಷ ಬೇಕಾಗ್ತದೆ. ಆ ಅರ್ಧ ನಿಮಿಷ ಅದು ಹಿಡಿದು ನಿಲ್ಬೇಕು. ನಿಲ್ಲದಿದ್ದರೆ ಯಾರ ಮನೆ, ಯಾವ ಊರು ಅಂತ ಹೇಳ್ಲಿಕ್ಕಾಗುವುದಿಲ್ಲ."

ಅವತ್ತು ಅವಳು ಬುತ್ತಿಯನ್ನು ಬಿಚ್ಚದೆ ಮನೆಗೆ ವಾಪಸು ಒಯ್ದಳು.

ಲೇತು ನಡೆಸುವ ಫಯಾಝ್‌ಗೆ ಇದೆಲ್ಲ ಕಾಣದೆ ಇರುತ್ತದೆಯೇ? "ಪ್ರಾಪ್ತಿಯಕ್ಕ, ಕೆಲವರಿಗೆ ಬಣ್ಣ ಹಚ್ಚುವುದೇ ಬೇಡ. ಹಾಗೆಯೇ ಕೆಂಪಾಗ್ತಾರೆ," ಎಂದು ಯಾರ ಮುಖವನ್ನೂ ನೋಡದೆ ಹೇಳಿ ಹೋದ. ಧರ್ಣಪ್ಪ ಮಾತ್ರ ಆ ಮೇಜಿನ ಕಡೆಗೆ ತಪ್ಪಿಯೂ ಬರುತ್ತಿರಲಿಲ್ಲ.

ಮೂರನೇ ವಾರದ ಒಂದು ಮಧ್ಯಾಹ್ನ. ಬಣ್ಣ ಹಚ್ಚಿ ಐದು ನಿಮಿಷ ಆಗಿತ್ತು.

"ಒಂದು ಕೇಳ್ಲಾ? ಕೋಪ ಮಾಡಬಾರದು," ಎಂದ ಭವಿತ್.

"ಕೇಳಿ."

"ನಿಮಗೆ ಯಾರಾದರೂ... ಈ ಗುಲಾಬಿ ಗಿಲಾಬಿ ಕೊಡುವವರು ಇದ್ದಾರಾ?"

ಪ್ರಾಪ್ತಿಗೆ ಕಿವಿಯವರೆಗೆ ಬಿಸಿಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಜೋರಾಗಿ ನಕ್ಕಳು. ಆ ನಗುವಿನಲ್ಲಿ ಎಚ್ಚರ ತಪ್ಪಿತು.

"ಗುಲಾಬಿ ಎಲ್ಲಿಂದ? ಈ ಸಲ ಪ್ರೇಮಿಗಳ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ನಾನು ಮೂಡುಬಿದಿರೆ ಆಸ್ಪತ್ರೆಯಲ್ಲಿ. ಅಮ್ಮನ ಕಣ್ಣಿಗೆ ಮದ್ದು ಬಿಡ್ತಾ ಕೂತಿದ್ದೆ!"

ಅವನು ನಗಲಿಲ್ಲ.

ಅವನ ಕೈ ತಾನಾಗಿ ಪಕ್ಕದ ಫೈಲಿನ ಮೇಲೆ ಹೋಯಿತು. ಅದನ್ನು ತೆರೆಯುವ ಅಗತ್ಯವೂ ಇರಲಿಲ್ಲ. ಬಿರುಕು ಬಿಟ್ಟ ಪಿನ್ನಿನ ಕಾಗದದಲ್ಲಿದ್ದ ತಾರೀಕು ಅವನಿಗೆ ಬಾಯಿಪಾಠವಾಗಿತ್ತು. ಫೆಬ್ರವರಿ ಹದಿನಾಲ್ಕು.

"ಆ ದಿನ ನೀವು ಇಲ್ಲಿ ಇರಲಿಲ್ಲ," ಎಂದ. ಅವನು ಮತ್ತೆ ಆಫೀಸಿನ ಕನ್ನಡಕ್ಕೆ ಹೋಗಿದ್ದ. "ಪ್ರಾಪ್ತಿ, ಪಂಚು ಯಾರ ಕೈಯಲ್ಲಿತ್ತು?"

ಅವಳು ಎದ್ದು ನಿಂತಳು.

"ಇದಕ್ಕಾ ಇಷ್ಟು ದಿನ ಮಾತಾಡಿಸಿದ್ದು? ಊಟ ಆಯ್ತಾ, ಅಮ್ಮ ಹೇಗಿದ್ದಾರೆ, ಗುಲಾಬಿ ಕೊಟ್ಟವರು ಉಂಟಾ... ಎಲ್ಲ ವಿಚಾರಣೆಯಾ?"

"ಅಲ್ಲ."

"ನಾನು ಮನಸ್ಸು ಬಿಚ್ಚಿ ಮಾತಾಡಿದೆ. ನೀವು ತಾರೀಕು ಹುಡುಕಿದಿರಿ."

"ಹುಡುಕಲಿಲ್ಲ. ಆದರೆ ಕೇಳಿದ್ದನ್ನು ಕೇಳಲೇ ಇಲ್ಲ ಅಂತ ಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

"ಪಂಚು ನನ್ನದು. ಸಹಿ ನನ್ನದು. ಇನ್ನು ನನ್ನ ಹತ್ತಿರ ಏನೂ ಕೇಳಬೇಡಿ."

ಅವಳು ಹೊರಗೆ ಹೋದಳು. ಆ ಸಲದ ಪಿನ್ನುಗಳನ್ನು ಭವಿತ್ ಒಬ್ಬನೇ ಒರೆಸಿದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನಿಲ್ಲ, ಮೆಸೇಜಿಲ್ಲ. ಅವನಿಲ್ಲದೆ ಪರೀಕ್ಷೆಯೂ ನಿಂತಿತ್ತು, ಆದರೂ ಎದುರಿನ ಖಾಲಿ ಸ್ಟೂಲನ್ನು ನೋಡುತ್ತಾ ಪ್ರಾಪ್ತಿ ಇಪ್ಪತ್ತು ನಿಮಿಷಗಳನ್ನು ಕಳೆದಳು. 'ಬೇಕಾದದ್ದು ಸಿಕ್ಕಿತು, ಹೋದ. ನಾನು ಎಂಥ ಪೆದ್ದಿ...' ಬಚ್ಚಲಿಗೆ ಹೋಗಿ ನಳ್ಳಿಯ ನೀರು ಬಿಟ್ಟು ಅತ್ತಳು.

ನಾಲ್ಕನೇ ದಿನ ಅವನ ಜಾಗಕ್ಕೆ ಅದೇ ಕಂಪನಿಯ ಲೋಲಾಕ್ಷಿ ಬಂದರು. ಐವತ್ತು ದಾಟಿದ, ಮಿತ ಮಾತಿನ ಹೆಂಗಸು. ಪ್ರಾಪ್ತಿಯನ್ನು ಎದುರು ಕೂರಿಸಿಕೊಂಡು ಫೈಲು ಬಿಚ್ಚಿದರು.

"ಸೈಟಿನವರು ಹೇಳುವುದು ಹೀಗೆ. ಇನ್ನೂರ ನಲವತ್ತನ್ನೂ ಬಿಚ್ಚಿದರೆ ತಿಂಗಳುಗಟ್ಟಲೆ ಕೆಲಸ ನಿಲ್ತದೆ. ಅದಕ್ಕೆ ಹತ್ತು ಪಿನ್ನು ಬಿಚ್ಚಿ ನೋಡ್ತಾರೆ. ಹತ್ತೂ ಸರಿ ಇದ್ದರೆ ಉಳಿದದ್ದು ಹಾಗೇ ಇರ್ತದೆ."

"ಹತ್ತೇ?"

"ಎಲ್ಲವನ್ನೂ ಪರೀಕ್ಷೆ ಮಾಡಿದ್ದೇನೆ ಅಂತ ನೀವು ಬರೆದುಕೊಟ್ಟಿದ್ದೀರಲ್ಲ. ಆ ಮಾತಿನ ಮೇಲೆ."

ಮಾವನನ್ನು ಉಳಿಸಲು ಹೇಳಿದ ಒಂದು ಸುಳ್ಳು, ಈಗ ಆ ಪೈಪುಗಳಡಿ ಬಿರುಕಿನ ಪಿನ್ನುಗಳನ್ನು ಶಾಶ್ವತವಾಗಿ ಉಳಿಸಲು ಹೊರಟಿತ್ತು.

"ಭವಿತ್ ಸರ್... ಬೇರೆ ಕಡೆ ಹೋದರಾ?" ಎಂದಳು ಮೆಲ್ಲಗೆ.

ಲೋಲಾಕ್ಷಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವರೇ ಪತ್ರ ಬರೆದು ಇಲ್ಲಿಯ ತನಿಖೆ ಬಿಟ್ಟರು. ನಿಮಗೆ ಸಂಬಂಧಪಟ್ಟ ಪತ್ರ ಆದ್ದರಿಂದ ಹೇಳ್ತೇನೆ. 'ಇಲ್ಲಿ ಪರೀಕ್ಷೆ ಮಾಡುವ ಪ್ರಾಪ್ತಿಯವರ ಮೇಲೆ ನನಗೆ ಮನಸ್ಸಾಗಿದೆ. ಇನ್ನು ಈ ಜಾಗದಲ್ಲಿ ನಾನು ಹಾಕುವ ಸಹಿಯನ್ನು ನಂಬಬೇಡಿ. ಅವರ ಹೇಳಿಕೆಯನ್ನು ಇನ್ನೊಮ್ಮೆ ಕೇಳಿ. ಕೇಳುವುದು ನಾನಾಗಿರಬಾರದು.' ಇಷ್ಟೇ ಇದ್ದದ್ದು."

ಪ್ರಾಪ್ತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಓಡಿಹೋಗಿರಲಿಲ್ಲ. ಅವಳಿಗೊಂದು ಮಾತೂ ಹೇಳದೆ, ಅವಳ ಮೇಲಿನ ಪ್ರೀತಿಯನ್ನು ಮೇಲಧಿಕಾರಿಗಳಿಗೆ ಬರೆದು ಕೊಟ್ಟಿದ್ದ, ಪುಣ್ಯಾತ್ಮ!

"ಮೇಡಂ, ನನಗೆ ನಾಳೆವರೆಗೆ ಸಮಯ ಕೊಡ್ತೀರಾ?"

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳಿದಳು.

"ಮಾವ, ನಾಳೆ ನಾನು ನಿಜ ಹೇಳ್ತೇನೆ. ನಿಮ್ಮ ಬೆನ್ನ ಹಿಂದೆ ಹೇಳಬಾರದು ಅಂತ ಈಗಲೇ ಹೇಳ್ತಾ ಇದ್ದೇನೆ."

ಕಾಂತಿಯ ಕೈಯಿಂದ ಸೌಟು ಜಾರಿತು. "ಮಾವನ ಮೇಲೆ ಹೇಳಿಕೆ ಕೊಡ್ತೀಯಾ? ಈ ಮನೆಯ ಅನ್ನ ಯಾರದ್ದು ಅಂತ ಗೊತ್ತುಂಟಾ ನಿನಗೆ?"

"ಗೊತ್ತುಂಟಮ್ಮ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ." ಅವಳು ಮಾವನ ಕಡೆಗೆ ತಿರುಗಿದಳು. "ಮಾವ, ಒಂದು ಮಾತಾದರೂ ಬೈಯಿರಿ."

ಧರ್ಣಪ್ಪ ಅರ್ಧ ಊಟದಲ್ಲೇ ಎದ್ದು ಕೈ ತೊಳೆದರು. ಬೆಳಿಗ್ಗೆ ಅವಳು ಎದ್ದು ನೋಡುವಾಗ ಬೈಕ್ ಹೋಗಿಯಾಗಿತ್ತು. ಆ ದಿನ ಅವಳು ಬಸ್ಸಿನಲ್ಲಿ ಹೋದಳು.

ಹೇಳಿಕೆ ಬರೆದುಕೊಟ್ಟ ಮೇಲೆ ಸೈಟಿನಿಂದ ಇನ್ನೂರ ನಲವತ್ತು ಪಿನ್ನುಗಳ ತುದಿಯ ಫೋಟೋಗಳನ್ನು ತರಿಸಿದರು. ಪ್ರಾಪ್ತಿ ಎರಡು ದಿನ ಕಂಪ್ಯೂಟರಿನ ಮುಂದೆ ಕೂತಳು. ವಾಲಿದ ಏಳು ಅವಳದ್ದು. ನೆಟ್ಟಗಿನ ಏಳು ಮಾವನದ್ದು. ಒಂದೊಂದು ನೆಟ್ಟಗಿನ ಏಳು ಕಂಡಾಗಲೂ, ಶಾಲೆಯ ಬಾಗಿಲಲ್ಲಿ ತನ್ನ ಎಡಗೈ ಹಿಡಿದು ನಿಂತ ಮಾವ ಕಣ್ಣೆದುರು ಬರುತ್ತಿದ್ದರು.

ಮೊದಲು ಸಿಕ್ಕಿದ್ದನ್ನೂ ಸೇರಿಸಿ, ನಲವತ್ತೊಂದು ಪಿನ್ನುಗಳನ್ನು ಅವಳು ಬೇರೆ ಮಾಡಿದಳು.

ಆ ನಲವತ್ತೊಂದನ್ನೂ ಬಿಚ್ಚಿ ಪರೀಕ್ಷೆ ಮಾಡಿದರು. ಒಂಬತ್ತರಲ್ಲಿ ಕೆಂಪು ಗೆರೆ ಬಂತು. ಸೈಟಿನವರು ಬಿಚ್ಚಲೆಂದು ಆರಿಸಿಟ್ಟಿದ್ದ ಹತ್ತರಲ್ಲಿ ಆ ಒಂಬತ್ತರ ಪೈಕಿ ಒಂದೂ ಇರಲಿಲ್ಲ.

ಧರ್ಣಪ್ಪನವರ ಕೆಲಸ ಹೋಯಿತು. ಪಂಚನ್ನು ಬೇರೆಯವರ ಕೈಗೆ ಕೊಟ್ಟದ್ದಕ್ಕೆ ಮತ್ತು ಸುಳ್ಳು ಸಹಿಗೆ ಪ್ರಾಪ್ತಿಯ ಕೆಲಸವೂ ಹೋಯಿತು. ಅದು ನ್ಯಾಯವೇ ಎಂದು ಅವಳಿಗೂ ಗೊತ್ತಿತ್ತು. ಮಾವ ಎರಡು ಜೊತೆ ಬಟ್ಟೆ ತೆಗೆದುಕೊಂಡು ಬೆಳ್ತಂಗಡಿಗೆ ಹೋದರು. ಅಲ್ಲಿ ಕಿಟಕಿ ಗ್ರಿಲ್ ಮಾಡುವ ಅಂಗಡಿಯಲ್ಲಿ ವೆಲ್ಡಿಂಗ್ ಕೆಲಸ, ಅದರ ಹಿಂದೆಯೇ ಒಂದು ಬಾಡಿಗೆ ಕೋಣೆ. ಅಮ್ಮ ಮಗಳೊಟ್ಟಿಗೆ ಅಗತ್ಯಕ್ಕೆ ಬೇಕಾದಷ್ಟೇ ಮಾತಾಡಿದರು. ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರಲ್ಲ, ಪ್ರಾಪ್ತಿಗೆ ಹಾಗೇನೂ ಆಗಲಿಲ್ಲ.

ಫಯಾಝ್‌ನ ಅಕ್ಕ ಹಸ್ನಾಳಿಗೆ ವಾಮದಪದವಿನಲ್ಲಿ ಒಂದು ಝೆರಾಕ್ಸ್ ಅಂಗಡಿ ಇತ್ತು. ಪ್ರಾಪ್ತಿ ಅಲ್ಲಿ ಕೆಲಸಕ್ಕೆ ಸೇರಿದಳು.

ನಾಲ್ಕು ತಿಂಗಳು ಕಳೆಯಿತು.

"ಇದರದ್ದೊಂದು ಕಾಪಿ ಬೇಕಿತ್ತು."

ಆ ಸ್ವರ ಕೇಳಿ ಅವಳ ಕೈ ಮೆಶಿನ್ನಿನ ಮೇಲೆಯೇ ನಿಂತಿತು. ಕೌಂಟರಿನ ಆಚೆ ಭವಿತ್ ನಿಂತಿದ್ದ. ಸೊರಗಿದ್ದ. ಕೈಯಲ್ಲಿ ಒಂದು ಕಾಗದವಿತ್ತು. ನಲವತ್ತೊಂದು ಪಿನ್ನುಗಳನ್ನು ಬದಲಾಯಿಸಲಾಗಿದೆ, ತನಿಖೆ ಮುಗಿದಿದೆ ಎಂದು ಅದರಲ್ಲಿ ಬರೆದಿತ್ತು.

"ಫೈಲು ಮುಚ್ಚುವ ತನಕ ನಿಮ್ಮನ್ನು ನೋಡುವ ಹಾಗಿರ್ಲಿಲ್ಲ," ಎಂದ ತುಳುವಿನಲ್ಲಿ. "ನೋಡಿದ್ದರೆ, ನಾನು ಹೇಳಿಸಿದ್ದು ಅಂತ ಆಗ್ತಿತ್ತು. ನಿಮ್ಮ ಮಾತಿಗೆ ಬೆಲೆ ಇರ್ತಿರ್ಲಿಲ್ಲ."

"ಒಂದು ಮಾತು ಹೇಳಿ ಹೋಗಬಹುದಿತ್ತು."

"ಹೇಳ್ಲಿಕ್ಕೆ ಬಂದಿದ್ದರೆ ಹೋಗ್ಲಿಕ್ಕೆ ಆಗ್ತಿರ್ಲಿಲ್ಲ."

ಹಸ್ನಾ ಅವರಿಬ್ಬರ ಮುಖ ನೋಡಿ, ಚಾ ತರುತ್ತೇನೆಂದು ಹೊರಟೇಹೋದಳು.

"ಆಫೀಸಿಗೆ ಬರೆದದ್ದನ್ನು ನನಗೆ ಯಾವತ್ತು ಹೇಳುವುದು?" ಎಂದಳು ಪ್ರಾಪ್ತಿ. ಕಣ್ಣು ತುಂಬಿ ಬಂದಿತ್ತು. ಈ ಸಲ ತಡೆಯಲಿಲ್ಲ.

"ಈಗ. ನನಗೆ ನೀವು ಬೇಕು, ಪ್ರಾಪ್ತಿ. ಎರಡನೇ ದಿನದಿಂದ ಬೇಕು, ಉಪ್ಪಿಲ್ಲದ ಸಾರಿನ ವಿಷಯ ಹೇಳಿದಿರಲ್ಲ, ಅವತ್ತಿನಿಂದ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಮರುಕ್ಷಣ ಅದು ಆರಿಯೂ ಹೋಯಿತು.

"ನನಗೂ ಬೇಕು. ಆದರೆ ನಮ್ಮಲ್ಲಿ ಧಾರೆಗೆ ನಿಲ್ಲುವವರು ಮಾವ. ಅವರನ್ನು ಬಿಟ್ಟು ನಾನು ಮಂಟಪಕ್ಕೆ ಹತ್ತುವುದಿಲ್ಲ. ಅವರು ನನ್ನ ಮುಖ ನೋಡದೆ ನಾಲ್ಕು ತಿಂಗಳಾಯ್ತು."

"ನಾನು ಹೋಗಿ ಕೇಳ್ತೇನೆ."

"ನಿಮ್ಮನ್ನು ಕಂಡರೆ ಬಾಗಿಲು ಹಾಕ್ತಾರೆ."

"ಹಾಕಲಿ. ಮತ್ತೆ ಹೋಗ್ತೇನೆ."

ಹಾಗೆಯೇ ಆಯಿತು. ಮೊದಲ ಭಾನುವಾರ ಧರ್ಣಪ್ಪ ಬಾಗಿಲು ಹಾಕಿಕೊಂಡರು. ಎರಡನೇ ಭಾನುವಾರ ಅವನು ನಿಂತಿರುವಂತೆಯೇ ವೆಲ್ಡಿಂಗ್ ಮುಂದುವರಿಸಿದರು. ಮೂರನೇ ಭಾನುವಾರ ಕೂರಲು ಒಂದು ಡಬ್ಬ ಸರಿಸಿದರು, ಅಷ್ಟೇ. ಮಾತಿಲ್ಲ. ಪ್ರತಿ ಸಲ ಭವಿತ್ ಬೆಳ್ತಂಗಡಿಯಿಂದ ನೇರವಾಗಿ ವಾಮದಪದವಿಗೆ ಬಂದು ಆದದ್ದನ್ನು ಆದ ಹಾಗೆ ಹೇಳುತ್ತಿದ್ದ. ಪ್ರತಿ ಸಲ ಅವಳು 'ಸಾಕು, ಇನ್ನು ಹೋಗಬೇಡಿ' ಎನ್ನುತ್ತಿದ್ದಳು, ಒಳಗೊಳಗೆ ಮುಂದಿನ ಭಾನುವಾರಕ್ಕೆ ಕಾಯುತ್ತಿದ್ದಳು.

ನಾಲ್ಕನೇ ಭಾನುವಾರ ಅವನು ಅಂಗಡಿಯೊಳಗೆ ಬಂದಾಗ ಮುಖ ಬಿಳುಚಿಕೊಂಡಿತ್ತು.

"ಮಾವ ಮಾತಾಡಿದರು."

ಪ್ರಾಪ್ತಿ ಕೌಂಟರಿನಿಂದ ಹೊರಗೆ ಬಂದಳು. "ಏನಂದರು? ಒಪ್ಪಿದರಾ?"

"ಎಷ್ಟು ಪಿನ್ನು ತೆಗೆದರು ಅಂತ ಕೇಳಿದರು. ನಲವತ್ತೊಂದು ಅಂದೆ." ಭವಿತ್ ಒಂದು ಕ್ಷಣ ನಿಲ್ಲಿಸಿದ. "'ನಾನು ಹೊಡೆದದ್ದು ನಲವತ್ತೆರಡು' ಅಂದರು."

ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಹಾಳೆಗಳು ಹಾರಿ ಕೆಳಗೆ ಬಿದ್ದವು. ಅವಳು ಹೆಕ್ಕಲಿಲ್ಲ.

ಇನ್ನೂರ ಆರು. ಆ ಫೋಟೋದ ನಂಬರು ಹುಡುಕಬೇಕಾಗಿರಲಿಲ್ಲ. ಎಷ್ಟೋ ಸಲ ಅದು ಅವಳನ್ನು ನಿದ್ದೆಯಿಂದ ಎಬ್ಬಿಸಿತ್ತು. ಎರಡನೇ ದಿನದ ಸಂಜೆ, ಕಣ್ಣು ಉರಿಯುತ್ತಿದ್ದಾಗ ಬಂದ ಫೋಟೋ. ಏಳು ಚೂರೇ ಚೂರು ವಾಲಿತ್ತು. ತನ್ನದಿರಬಹುದು ಎನ್ನುವಷ್ಟು. ಅಲ್ಲ ಎಂದು ಒಳಗೆ ಗೊತ್ತಿತ್ತು. ಆಗಲೇ ನಲವತ್ತೊಂದು ಆಗಿತ್ತು...

"ಭವಿತ್," ಎಂದಳು. ಸ್ವರ ಸಣ್ಣದಾಗಿತ್ತು. "ಅದು ತಪ್ಪಿ ಉಳಿದದ್ದಲ್ಲ. ನಾನು ಬಿಟ್ಟದ್ದು."

ಅವನು ಅವಳನ್ನೇ ನೋಡಿದ.

"ಮಾವನ ತಲೆಯ ಮೇಲೆ ಒಂದಾದರೂ ಕಡಿಮೆ ಆಗಲಿ ಅಂತ ಅನ್ನಿಸಿತು. ನನ್ನ ಕಡೆಗೆ ಹಾಕಿದೆ. ಗೊತ್ತಿದ್ದೂ ಹಾಕಿದೆ."

ಭವಿತ್ ಈಗ ಹೊರಟು ಹೋಗುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು. ಹೋದರೆ ತಪ್ಪೂ ಇರಲಿಲ್ಲ. ಎಲ್ಲವನ್ನೂ ಕಳೆದುಕೊಂಡು ಹೇಳಿದ ಆ ಒಂದು ನಿಜದಲ್ಲೂ ಅವಳು ಬಿರುಕು ಉಳಿಸಿದ್ದಳು. ಕೆಲಸ ಕಳೆದುಕೊಂಡ ಮಾವ, ಯಾರೂ ಕೇಳದ ಲೆಕ್ಕವನ್ನು ತಾವಾಗಿ ಒಪ್ಪಿಸಿದ್ದರು.

"ಪೈಪಿಗೆ ನೀರು ಬಿಟ್ಟಾಗಿದೆಯಾ?" ಎಂದು ಕೇಳಿದಳು.

"ಇಲ್ಲ. ಮುಂದಿನ ತಿಂಗಳು."

ಅವಳು ಫೋನ್ ತೆಗೆದು ಲೋಲಾಕ್ಷಿಯವರ ನಂಬರು ಒತ್ತಿದಳು.

"ಮೇಡಂ, ನಾನು ಪ್ರಾಪ್ತಿ. ಇನ್ನೂರ ಆರನೇ ಪಿನ್ನು ನನ್ನದಲ್ಲ. ಅದಕ್ಕೂ ಪರೀಕ್ಷೆ ಆಗಿಲ್ಲ. ನನಗೆ ಅವತ್ತೇ ಗೊತ್ತಿತ್ತು, ಹೇಳಲಿಲ್ಲ. ದಯವಿಟ್ಟು ಅದನ್ನು ಬಿಚ್ಚಿಸಿ."

ಆ ಕಡೆಯವರು ನಂಬರನ್ನು ಇನ್ನೊಮ್ಮೆ ಹೇಳಿಸಿದರು.

"ಬರೆದು ಕಳಿಸಿ," ಎಂದರು ಲೋಲಾಕ್ಷಿ ಕೊನೆಗೆ. "ಇವತ್ತೇ. ನಿಮ್ಮನ್ನು ಮತ್ತೆ ಕರೆಸ್ತಾರೆ, ಅದಕ್ಕೆ ತಯಾರಾಗಿರಿ."

"ಆಯ್ತು, ಮೇಡಂ."

ಫೋನ್ ಕೆಳಗಿಟ್ಟ ಮೇಲೆ ಅವಳು ತಲೆ ಎತ್ತಲಿಲ್ಲ. ಭವಿತ್ ಬಗ್ಗಿ ನೆಲದ ಹಾಳೆಗಳನ್ನು ಹೆಕ್ಕಿ ಮೇಜಿನ ಮೇಲಿಟ್ಟ. ಒಂದು ಖಾಲಿ ಹಾಳೆಯನ್ನು ಅವಳ ಮುಂದೆ ಸರಿಸಿದ.

"ಮಾವ ಇನ್ನೊಂದು ಮಾತು ಹೇಳಿದರು. 'ಅವಳು ಅದನ್ನು ಸರಿ ಮಾಡಲಿ. ಆಮೇಲೆ ಇಬ್ಬರೂ ಬನ್ನಿ, ಮಾತಾಡುವ' ಅಂತ."

ಪ್ರಾಪ್ತಿ ಬೆರಗಾಗಿ ಅವನನ್ನು ನೋಡಿದಳು. "ಇದನ್ನು ಮೊದಲೇ ಹೇಳಬಹುದಿತ್ತಲ್ಲ?"

"ಮೊದಲೇ ಹೇಳಿದ್ದರೆ ನೀನು ಮಾವನಿಗೋಸ್ಕರ ಫೋನ್ ಮಾಡ್ತಿದ್ದೆ."

ಅವಳಿಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಐದು ತಿಂಗಳ ಅಳು ಅದು. ಭವಿತ್ ಅವಳ ಎಡಗೈಯ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತ.

ಅಳು ನಿಂತ ಮೇಲೆ ಅವಳು ಕೇಳಿದಳು.

"ನಿಮಗೆ ನನ್ನ ಮೇಲೆ ಬೇಸರ ಇಲ್ವಾ?"

"ಉಂಟು."

"ತುಂಬಾ?"

"ತುಂಬಾ. ಆದರೂ ಕೇಳ್ತೇನೆ. ನನ್ನನ್ನು ಮದುವೆ ಆಗ್ತೀಯಾ?"

ಪ್ರಾಪ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಬೇಸರ ಎಷ್ಟು ದಿನ ಇರ್ತದೆ?"

"ಗೊತ್ತಿಲ್ಲ. ಒಟ್ಟಿಗೆ ಇದ್ದು ನೋಡುವ."

ಅವಳು ಪೆನ್ನು ಎತ್ತಿಕೊಂಡಳು.

"ನೋಡುವ," ಎಂದಳು. "ಮೊದಲು ಇದನ್ನು ಬರೀತೇನೆ. ನೀನು ಇಲ್ಲೇ ಕೂತಿರು."